ಮುಚ್ಚಳದ ಸದ್ದು

ಡಬ್ಬಿಯ ಮುಚ್ಚಳ ಸರಿಯಾಗಿ ಕೂತರೆ ಒಂದು ಸದ್ದು ಬರುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟ ಹಾಗೆ, ಟಕ್ ಎಂದು. ಆ ಒಂದು ಸದ್ದನ್ನು ನೆಚ್ಚಿಕೊಂಡು ಡಬ್ಬಿಯಕ್ಕ ಹನ್ನೊಂದು ವರ್ಷ ಸಂಸಾರ ತೂಗಿಸಿದ್ದಳು.

ಅವಳದು ಅಂಗಡಿ ವ್ಯಾಪಾರವಲ್ಲ. ಯಾರಾದರೂ ಒಬ್ಬಾಕೆ ತನ್ನ ಮನೆಗೆ ಎಂಟು ಹತ್ತು ಹೆಂಗಸರನ್ನು ಕರೆದು ಟೀ ಬಿಸ್ಕತ್ತು ಕೊಡುವಳು. ಡಬ್ಬಿಯಕ್ಕ ಎರಡು ದೊಡ್ಡ ಚೀಲ ಹೊತ್ತು ಅಲ್ಲಿಗೆ ಹೋಗಿ, ಟೀಪಾಯಿಯ ಮೇಲೆ ಕಂಪನಿಯ ಡಬ್ಬಿಗಳನ್ನು ಹರಡುವಳು. ಇದಕ್ಕೆ ಪಾರ್ಟಿ ಎಂದು ಹೆಸರು. ಒಂದು ಡಬ್ಬಿಗೆ ಕಂಠಮಟ್ಟ ನೀರು ತುಂಬಿಸಿ, "ಒಂದ್ನಿಮಿಷ, ಯಾರೂ ಉಸಿರೂ ಬಿಡ್ಬೇಡಿ" ಎಂದು ಎಲ್ಲರ ಬಾಯಿ ಮುಚ್ಚಿಸಿ, ಮುಚ್ಚಳ ಒತ್ತುವಳು. ಟಕ್. ಆಮೇಲೆ ಆ ಡಬ್ಬಿಯನ್ನು ಎಲ್ಲರಿಗಿಂತ ಚೆಂದದ ಬಟ್ಟೆ ಉಟ್ಟವಳ ತೊಡೆಯ ಮೇಲೆ ತಲೆಕೆಳಗೆ ಹಿಡಿಯುವಳು. ಆಕೆ ಕಿಟಾರನೆ ಕಿರುಚುವಳು, ಉಳಿದವರು ನಗುವರು, ಒಂದು ಹನಿಯೂ ಬೀಳುತ್ತಿರಲಿಲ್ಲ. ಅಲ್ಲಿಗೆ ಅರ್ಧ ವ್ಯಾಪಾರ ಆದ ಹಾಗೆಯೇ.

ಪಾರ್ಟಿ ಕರೆದ ಮನೆಯಾಕೆಗೆ ಕಂಪನಿಯಿಂದ ಒಂದು ಡಬ್ಬಿ ಉಡುಗೊರೆ. ಮುಚ್ಚಳ ಸಡಿಲವಾದರೆ, ಬಿರುಕು ಬಿಟ್ಟರೆ, ಎಷ್ಟು ವರ್ಷವಾದರೂ ಬದಲಿ. ಇವೆರಡು ಕಂಪನಿಯ ಪುಸ್ತಕದಲ್ಲಿದ್ದ ನಿಯಮಗಳು. ಪುಸ್ತಕದಲ್ಲಿಲ್ಲದ, ಆದರೆ ಯಾರೂ ತಪ್ಪಿಸದ ಇನ್ನೊಂದಿತ್ತು: ಪಾರ್ಟಿ ಮುಗಿದ ಮೇಲೆ ಒಂದು ಚೀಲವನ್ನು ಡಬ್ಬಿಯಕ್ಕ ಎತ್ತಿಕೊಂಡರೆ, ಇನ್ನೊಂದನ್ನು ಮನೆಯಾಕೆಯೇ ಗೇಟು ದಾಟಿಸಿ ಬಾಡಿಗೆ ಕಾರಿನವರೆಗೆ ತಂದುಕೊಡಬೇಕು.

ಡಬ್ಬಿಯಕ್ಕನ ತಂಗಿ ಗೇಟು ದಾಟುತ್ತಿದ್ದದ್ದು ಆ ಒಂದೇ ಹೊತ್ತಿನಲ್ಲಿ.

ತಂಗಿಯ ಗಂಡ ಗಡಿಯಾರ ರಿಪೇರಿಯವನು. ಮುಂದಿನ ಕೋಣೆಯಲ್ಲೇ ಅವನ ಮೇಜು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಸೂಜಿಯಂಥ ಹತಾರಗಳು. ದನಿ ಏರಿಸಿದವನಲ್ಲ. ಬೀದಿಯವರೆಲ್ಲ "ಎಂಥ ಮೆದು ಮನುಷ್ಯ" ಎನ್ನುವರು. ಮನೆಯ ಪ್ರತಿ ಪಾತ್ರೆಯ ತಳದಲ್ಲೂ ಅವನು ಸಣ್ಣ ಅಕ್ಷರದಲ್ಲಿ ನಂಬರು ಗೀಚಿದ್ದ. ಲೋಟ, ತಟ್ಟೆ, ಬಕೆಟ್ಟು ಯಾವುದನ್ನೂ ಬಿಟ್ಟಿರಲಿಲ್ಲ. ನಂಬರು ತಪ್ಪಿದ ದಿನ ಕಿಟಕಿ ಮುಚ್ಚಿ, ರೇಡಿಯೋ ಹಾಕಿ, ಆಮೇಲೆ ಹೆಂಡತಿಯನ್ನು ಕರೆಯುತ್ತಿದ್ದ. ಹಿತ್ತಲ ಬಾಗಿಲಿಗೆ ಸದಾ ಬೀಗ. ನರ್ಸ್ ಓದಿದ್ದ ತಂಗಿ ಮದುವೆಯಾದ ಮೇಲೆ ಆಸ್ಪತ್ರೆಯ ಮುಖ ಕಂಡಿದ್ದು ತಾನೇ ರೋಗಿಯಾಗಿ, ಮೂರು ಸಲ. ಮೂರು ಸಲವೂ ಮೆಟ್ಟಿಲಿಂದ ಬಿದ್ದೆ ಎಂದೇ ಬರೆಸಿದಳು. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ.

ಆದರೆ ಅವನಿಗೆ ಪುಕ್ಕಟೆ ಸಿಕ್ಕಿದ್ದೆಂದರೆ ಪ್ರಾಣ. ಎರಡು ತಿಂಗಳಿಗೊಮ್ಮೆ ಒಂದು ಡಬ್ಬಿ ಬರುತ್ತದೆಂದು ಪಾರ್ಟಿಗೆ ಒಪ್ಪಿಕೊಂಡಿದ್ದ. ಬಂದ ಡಬ್ಬಿಯ ತಳಕ್ಕೂ ನಂಬರು ಬೀಳುತ್ತಿತ್ತು.

ಒಂದೂವರೆ ವರ್ಷದಿಂದ ಅಕ್ಕತಂಗಿಯರು ಆ ಡಬ್ಬಿಗಳಲ್ಲೇ ಒಂದು ಕೆಲಸ ನಡೆಸಿದ್ದರು. "ಅಕ್ಕ, ಇದರ ಮುಚ್ಚಳ ಸಡಿಲ ಆಗಿದೆ, ಬದಲಿ ಮಾಡಿಸ್ಕೊಡು" ಎಂದು ಗಂಡನೆದುರೇ ತಂಗಿ ಒಂದು ಡಬ್ಬಿ ಚೀಲಕ್ಕೆ ಹಾಕುವಳು. ಒಳಗೆ ನರ್ಸಿಂಗ್ ಪತ್ರ, ಬ್ಯಾಂಕಿನ ಪುಸ್ತಕ, ತಾಯಿಯ ಕಿವಿಯೋಲೆ, ಸುರುಳಿ ಸುತ್ತಿದ ಒಂದು ಜೊತೆ ಬಟ್ಟೆ. ಮುಂದಿನ ಪಾರ್ಟಿಗೆ ಅಕ್ಕ ಹೊಸ ಡಬ್ಬಿ ತಂದು ಅವನ ಲೆಕ್ಕ ಸರಿಮಾಡುವಳು. ಹೀಗೆ ಐದು ಡಬ್ಬಿ ಆ ಮನೆಯಿಂದ ಹೊರಬಿದ್ದು ಅಕ್ಕನ ಮನೆಯ ಅಟ್ಟ ಸೇರಿದ್ದವು. ದೂರದ ಊರಿನ ಆಸ್ಪತ್ರೆಯೊಂದು, ಬರುವ ತಿಂಗಳ ಒಂದನೇ ತಾರೀಕು ಕೆಲಸಕ್ಕೆ ಹಾಜರಾಗಿ ಎಂದು ಅಕ್ಕನ ವಿಳಾಸಕ್ಕೆ ಬರೆದಿತ್ತು. ಇನ್ನು ಆ ಮನೆಯಲ್ಲಿ ತಂಗಿಯದೆನ್ನುವುದು ತಂಗಿಯೊಬ್ಬಳೇ. ಹನ್ನೆರಡನೇ ತಾರೀಕು ಅವಳ ಮನೆಯಲ್ಲಿ ಪಾರ್ಟಿ. ಚೀಲ ಹಿಡಿದು ಗೇಟು ದಾಟುವುದು, ಚೀಲದ ಜೊತೆ ತಾನೂ ಕಾರು ಹತ್ತುವುದು. ಅಷ್ಟೇ ಬಾಕಿ.

ಆ ತಿಂಗಳ ಎರಡನೇ ತಾರೀಕು ಕಂಪನಿಯ ಮೇಡಂ ಮಾರಾಟದ ಹೆಂಗಸರನ್ನೆಲ್ಲ ಸೇರಿಸಿದರು. ತಣ್ಣನೆ ಕೋಣೆ, ಗೋಡೆಯ ಮೇಲೆ ದೊಡ್ಡ ಪರದೆ.

"ಇನ್ಮೇಲೆ ಚೀಲ ಹೊರೋದು ಸಾಕು ಕಣ್ರಮ್ಮ. ಎಲ್ಲ ಆನ್‌ಲೈನ್. ಹತ್ತು ಜನಕ್ಕೆ ಗಂಟಲು ಹರ್ಕೊಳ್ಳೋ ಬದಲು ನಲವತ್ತು ಜನಕ್ಕೆ ಒಂದೇ ಸಲ. ಅವರವರ ಮನೇಲಿ ಅವರು, ನಿಮ್ಮನೇಲಿ ನೀವು. ಮುಂದಿನ ತಿಂಗಳಿಂದ ಮನೆ ಪಾರ್ಟಿ ಬಂದ್."

"ಮುಚ್ಚಳದ ಸದ್ದು ಫೋನಲ್ಲಿ ಕೇಳುತ್ತಾ ಮೇಡಂ?" ಎಂದಳು ಡಬ್ಬಿಯಕ್ಕ. ಎಲ್ಲರೂ ಗೊಳ್ಳೆಂದರು.

"ಸದ್ದು ಯಾರಿಗೆ ಬೇಕು, ಕಣ್ಣಿಗೆ ಕಂಡರಾಯ್ತು. ನೋಡಿ, ಮೊದಲು ಯಾರು ನಲವತ್ತು ಜನರನ್ನ ಕೂರಿಸ್ತಾರೋ ಅವರೇ ಈ ವಲಯಕ್ಕೆ ನಾಯಕಿ. ಹನ್ನೆರಡನೇ ತಾರೀಕೇ ಮಾಡ್ಬೇಕು."

ಹನ್ನೆರಡು ಎಂದಾಗ ಡಬ್ಬಿಯಕ್ಕನಿಗೆ ತಂಗಿಯ ಪಾರ್ಟಿ ನೆನಪಾಗಿದ್ದು ನಿಜ. ಆದರೆ ಗಂಡ ಸತ್ತು ಎಂಟು ವರ್ಷ, ಮಗಳ ಕಾಲೇಜು ಇನ್ನೆರಡು ವರ್ಷ, ಮೊಣಕಾಲು ಚೀಲ ಬೇಡ ಎನ್ನುತ್ತಿತ್ತು. ಪಟ್ಟಿ ಮಾಡಿ ನೋಡಿದಳು: ತಂಗಿಯ ಬೀದಿಯ ಹತ್ತು ಜನ ಸೇರಿದರೆ ಮಾತ್ರ ನಲವತ್ತು. ಒಂದೇ ದಿನ ಅವರೇ ಎರಡೆರಡು ಪಾರ್ಟಿಗೆ ಕೂರುವುದುಂಟೇ? ತಂಗಿಯ ಪಾರ್ಟಿಯನ್ನು ಇಪ್ಪತ್ತಾರಕ್ಕೆ ತಳ್ಳಿದರೂ ಒಂದನೇ ತಾರೀಕಿಗೆ ಐದು ದಿನ ಉಳಿಯುತ್ತದೆ. ಹದಿನಾಲ್ಕು ದಿನದಲ್ಲಿ ಏನು ಮುಳುಗಿಹೋಗುತ್ತದೆ?

ಫೋನ್ ಮಾಡಿದಾಗ ತಂಗಿಯ ಪಕ್ಕದಲ್ಲಿ ಗಂಡನಿದ್ದ. ಅವನಿಲ್ಲದೆ ಅವಳು ಫೋನ್ ಎತ್ತಿದ್ದೇ ಇಲ್ಲ.

"ಪಾರ್ಟಿ ಇಪ್ಪತ್ತಾರಕ್ಕೆ ಹೋಯ್ತು ಕಣೆ. ಹನ್ನೆರಡಕ್ಕೆ ಆನ್‌ಲೈನ್ ಇದೆ, ಅದಕ್ಕೆ ಬಾ."

"ಒಂದು ಡಬ್ಬಿ ತೀರಾ ಬಿರುಕು ಬಿಟ್ಟಿದೆ ಅಕ್ಕ. ಅಷ್ಟು ದಿನ ತಡ್ಕೊಳ್ಳುತ್ತೋ ಇಲ್ವೋ."

"ತಡ್ಕೊಳ್ಳುತ್ತೆ ಬಿಡೆ. ಹದಿನಾಲ್ಕೇ ದಿನ."

"ಆಯ್ತು," ಎಂದಳು ತಂಗಿ.

ಹನ್ನೆರಡನೇ ತಾರೀಕು ಮಧ್ಯಾಹ್ನ ಡಬ್ಬಿಯಕ್ಕ ಸಾಮಾನು ತರಲು ಕಂಪನಿಯ ಗೋದಾಮಿಗೆ ಹೋಗಿದ್ದಳು. ಬರುವಷ್ಟರಲ್ಲಿ ಮಗಳು ನಡುಮನೆಯ ರೂಪವನ್ನೇ ಬದಲಾಯಿಸಿದ್ದಳು. ಕಿಟಕಿಗೆ ಬಿಳಿ ಬೆಡ್‌ಶೀಟು, ಕುರ್ಚಿಯ ಬೆನ್ನಿಗೆ ಫೋನ್ ನಿಲ್ಲಿಸುವ ಸ್ಟ್ಯಾಂಡು, ಹಿಂದೆ ಪುಸ್ತಕದ ಕಪಾಟು ಬರಿದು ಮಾಡಿ ಐದು ಸಾಲು ಡಬ್ಬಿ, ಬಣ್ಣ ಬಣ್ಣಕ್ಕೆ.

"ಹೆಂಗಿದೆ ಅಮ್ಮ? ಟಿವಿಯವರ ಥರ ಇಲ್ವಾ?"

"ಇದೆ, ಇದೆ. ಗಂಟೆ ನಾಲ್ಕಾಯ್ತು, ಬಾಚಣಿಗೆ ಎಲ್ಲಿಟ್ಟೆ?"

ಅವಳು ಕಪಾಟಿನತ್ತ ಕಣ್ಣು ಹಾಯಿಸಿದಳೇ ಹೊರತು ನೋಡಲಿಲ್ಲ. ಹನ್ನೊಂದು ವರ್ಷವೂ ಅವಳ ಸಾಮಾನು ಅವಳ ಎದುರಿಗೆ, ಟೀಪಾಯಿಯ ಮೇಲೆ ಇರುತ್ತಿತ್ತು. ಬೆನ್ನ ಹಿಂದೆ ಏನಿದೆಯೆಂದು ನೋಡಿಕೊಳ್ಳುವ ರೂಢಿ ಅವಳ ಕೆಲಸಕ್ಕಿರಲಿಲ್ಲ. ಮಗಳಿಗೆ ಹಳದಿ ಬಣ್ಣದ ಸಾಲು ಅರೆಬರೆಯಾಗಿ ಕಂಡಿತ್ತು, ಅಟ್ಟ ಹತ್ತಿದ್ದಳು, ಅಲ್ಲಿದ್ದ ಐದನ್ನೂ ಧೂಳು ಒರೆಸಿ ತಂದು ತುಂಬಿದ್ದಳು. ಅವು ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹುಡುಗಿಯ ಬಾಯಿ ಎಲ್ಲಿ ಜಾರುತ್ತದೋ ಎಂದು ತಾಯಿಯೇ ಮುಚ್ಚಿಟ್ಟಿದ್ದಳು.

ಫೋನಿನಲ್ಲಿ ಒಬ್ಬೊಬ್ಬರ ಮುಖ ಒಂದೊಂದು ಚೌಕದಲ್ಲಿ ತೆರೆದುಕೊಂಡಿತು. ಹದಿನೈದು, ಇಪ್ಪತ್ತೆಂಟು, ಮೂವತ್ತೊಂಬತ್ತು. ನಲವತ್ತನೆಯದು ಬಿಸ್ಕತ್ತಜ್ಜಿಯದು. ತಂಗಿಯ ಮನೆಯಿಂದ ಎರಡು ಬಾಗಿಲಾಚೆ ಒಂಟಿಯಾಗಿರುವ ಮುದುಕಿ. ಹನ್ನೊಂದು ವರ್ಷದಲ್ಲಿ ಒಂದು ಚಮಚ ಕೊಂಡವಳಲ್ಲ, ಒಂದು ಪಾರ್ಟಿ ತಪ್ಪಿಸಿದವಳೂ ಅಲ್ಲ. ಟೀಗೆ ಬಿಸ್ಕತ್ತು ಅದ್ದಿ ತಿಂದು, ಎಲ್ಲರೂ ಎದ್ದ ಮೇಲೆ ಎದ್ದು ಹೋಗುವಳು. ಚೌಕದಲ್ಲಿ ಅವಳ ಹಣೆ ಮಾತ್ರ ಕಾಣುತ್ತಿತ್ತು.

"ಏನೇ ಇದು, ಪಾರ್ಟಿ ಅಂದ್ರಿ, ಟೀ ಎಲ್ಲಿ?"

"ನಿಮ್ಮನೇಲೇ ಮಾಡ್ಕೊಂಡು ಕುಡೀಬೇಕು ಅಜ್ಜಿ."

"ನಮ್ಮನೇಲಿ ನಾನೇ ಮಾಡ್ಕೊಂಡು ಕುಡಿಯೋದಕ್ಕೆ ನಿನ್ನ ಮುಖ ಯಾಕೆ ನೋಡ್ಲಿ?"

ನಲವತ್ತು ಚೌಕಗಳೂ ನಕ್ಕವು. ತಂಗಿಯ ಚೌಕದಲ್ಲಿ ತಂಗಿಯೂ ನಕ್ಕಳು. ಅವಳ ಮುಖದ ಪಕ್ಕ ಒಂದು ಗಂಡು ಭುಜ, ಅರ್ಧ ಮಾತ್ರ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ಹೋಯಿತು. ನೀರಿನ ಡಬ್ಬಿಯನ್ನು ಅವಳು ತನ್ನ ತಲೆಯ ಮೇಲೇ ತಲೆಕೆಳಗೆ ಹಿಡಿದಳು. ಸದ್ದು ಯಾರಿಗೂ ಕೇಳಲಿಲ್ಲ, ಆದರೂ ಎಲ್ಲರೂ ಚಪ್ಪಾಳೆಯ ಗುರುತು ಕಳಿಸಿದರು. ಆಗ ತಂಗಿಯ ಚೌಕದಿಂದ ಆ ಮೆದು ದನಿ ಬಂತು.

"ಅತ್ತಿಗೆ, ಒಂದ್ನಿಮಿಷ. ನಿಮ್ಮ ಹಿಂದೆ, ಮೂರನೇ ಸಾಲಲ್ಲಿ, ಹಳದಿ ಮುಚ್ಚಳದ್ದು ಇದೆಯಲ್ಲ. ಅದನ್ನ ಸ್ವಲ್ಪ ತೋರಿಸ್ತೀರಾ?"

ಡಬ್ಬಿಯಕ್ಕ ಹಿಂದಿರುಗಿ ನೋಡಿದಳು. ಮುಚ್ಚಳದ ಅಂಚಿನಲ್ಲಿ ಎಳ್ಳಿನಷ್ಟು ಸಣ್ಣ ಸುಟ್ಟ ಕಲೆ. ಅವನ ಬೆಸುಗೆ ಕಡ್ಡಿ ತಾಗಿ ಆದದ್ದು. ಗಡಿಯಾರದ ಹಲ್ಲು ಎಣಿಸುವ ಕಣ್ಣಿಗೆ ಅದು ಪರದೆಯ ಮೇಲೂ ಸಿಕ್ಕಿತ್ತು.

"ಅದು ಮಾರೋದಲ್ಲ. ಬದಲಿಗೆ ಬಂದಿರೋದು."

"ಹೌದು, ನಮ್ಮನೇದೇ, ಏಳನೇ ನಂಬರು. ಬದಲಿಗೆ ಹೋಗಿ ಒಂದು ವರ್ಷ ಆಯ್ತು. ಇನ್ನೂ ಕಂಪನಿಗೆ ಹೋಗಿಲ್ವಾ? ತೆಗೀರಿ ನೋಡೋಣ."

"ಆಮೇಲೆ ತೋರಿಸ್ತೀನಿ. ಈಗ ಎಲ್ಲರಿಗೂ ಹೊಸಾದನ್ನ..."

"ತೋರ್ಸಿ ಅಕ್ಕ!" ಔಷಧದಂಗಡಿಯವನ ಹೆಂಡತಿ ಚೌಕದಿಂದ ಕೂಗಿದಳು. "ಒಳಗೇನು ಬಂಗಾರ ಇಟ್ಟಿದೀರಾ?"

"ಇಟ್ಟಿರ್ತಾರೆ, ನಲವತ್ತು ಜನದ ವ್ಯಾಪಾರ!" ಇನ್ನೊಬ್ಬಳು. ನಗು ಚೌಕದಿಂದ ಚೌಕಕ್ಕೆ ಹಬ್ಬಿತು. ತಂಗಿಯ ಚೌಕ ಮಾತ್ರ ನಗಲಿಲ್ಲ. ಅವಳು ಎವೆಯಿಕ್ಕದೆ ಅಕ್ಕನನ್ನೇ ನೋಡುತ್ತಿದ್ದಳು.

ಡಬ್ಬಿಯಕ್ಕ ಡಬ್ಬಿಯನ್ನು ಕೈಗೆತ್ತಿಕೊಂಡಳು, ಮುಚ್ಚಳ ತೆಗೆಯುವಂತೆ ಬೆರಳು ಒತ್ತಿದಳು, ನಕ್ಕಳು. "ಬಿಗಿಯಾಗಿ ಕೂತ್ಬಿಟ್ಟಿದೆ. ನಮ್ಮ ಕಂಪನಿ ಮುಚ್ಚಳ ಅಂದ್ರೆ ಸುಮ್ನೆ ಅಲ್ಲ ನೋಡಿ, ಬರ್ತಾನೇ ಇಲ್ಲ."

"ಕೊಡಮ್ಮ ಇಲ್ಲಿ," ಎಂದಳು ಮಗಳು. ಅಮ್ಮನ ಕೈಗೆ ಮೊದಲಿನ ಬಲವಿಲ್ಲವೆಂದು ಅವಳಿಗೆ ಗೊತ್ತಿತ್ತು. ಪಕ್ಕದಿಂದ ಬಾಗಿ ಡಬ್ಬಿ ಕಸಿದುಕೊಂಡು, ಹೆಬ್ಬೆರಳಿಂದ ಒಂದೇ ಎತ್ತು ಎತ್ತಿದಳು. ಒಳಗೆ ತುರುಕಿದ್ದ ಕಾಗದಗಳು ಬಿಡುಗಡೆಯಾದ ಹಾಗೆ ಅರಳಿ ಮೇಲೆದ್ದವು. ಮೇಲಿನದರಲ್ಲಿ ಬಿಳಿ ಟೋಪಿ ತೊಟ್ಟ ಹುಡುಗಿಯ ಫೋಟೋ.

"ಅಯ್ಯೋ, ಚಿಕ್ಕಮ್ಮನ ಫೋಟೋ! ಎಷ್ಟು ಚಿಕ್ಕೋಳಿದಾಳೆ ನೋಡಮ್ಮ."

ತಂಗಿಯ ಚೌಕದಲ್ಲಿ ಭುಜ ಕದಲಿತು. ಒಂದು ಕೈ ಅಡ್ಡ ಬಂತು. ಚೌಕ ಮೇಲಕ್ಕೆ ಹೊರಳಿ ಫ್ಯಾನು ಕಂಡಿತು, ತಿರುಗುತ್ತಲೇ ಇದ್ದ ಫ್ಯಾನು. ಹಿಂದಿನಿಂದ ರೇಡಿಯೋ ಹಚ್ಚಿದ ಸದ್ದು. ಆಮೇಲೆ ಕಪ್ಪು.

"ನೆಟ್‌ವರ್ಕ್ ಹೋಯ್ತು ಅನ್ಸುತ್ತೆ," ಎಂದರು ಯಾರೋ.

"ನೆಟ್‌ವರ್ಕ್ ಅಲ್ಲ!" ಡಬ್ಬಿಯಕ್ಕನ ಗಂಟಲು ಹರಿಯಿತು. "ಅವಳನ್ನ ಹೊಡೀತಾನೆ. ಆ ಬೀದಿಯವರು ಯಾರಾದ್ರೂ ಹೋಗ್ರೇ, ಬಾಗಿಲು ತಟ್ರೇ, ಸಕ್ಕರೆ ಬೇಕು ಅನ್ರಿ, ಏನಾದ್ರೂ ಅನ್ರಿ. ನಾನು ಬರೋದಕ್ಕೆ ಅರ್ಧ ಗಂಟೆ ಬೇಕು."

ಕೈ ಮುಗಿದ ಗುರುತುಗಳು ಬಂದವು. ಅಳುವ ಮುಖಗಳು ಬಂದವು. "ಗಂಡ ಹೆಂಡ್ತಿ ವಿಷಯ, ನಾವು ಹೋಗಿ ಏನಂತ ಕೇಳೋದು" ಎಂದು ಔಷಧದಂಗಡಿಯವನ ಹೆಂಡತಿ ಬರೆದಳು. ಅವಳ ಮನೆ ತಂಗಿಯ ಮನೆಗೆ ಎದುರುಬದುರು. ಡಬ್ಬಿಯಕ್ಕನಿಗೆ ಆಗ ಹೊಳೆಯಿತು: ಮನೆ ಪಾರ್ಟಿಯಲ್ಲಿ ಹತ್ತೇ ಜನ ಇರುತ್ತಿದ್ದರು, ಆದರೆ ಹತ್ತೂ ಜನ ಆ ಕೋಣೆಯೊಳಗೇ ಇರುತ್ತಿದ್ದರು. ಈಗ ನಲವತ್ತು ಜನ ನೋಡುತ್ತಿದ್ದಾರೆ, ಅಲ್ಲಿ ಒಬ್ಬರೂ ಇಲ್ಲ.

ಮಗಳಿಗೆ ಪೊಲೀಸರಿಗೆ ಫೋನ್ ಮಾಡೆಂದು ಹೇಳಿ, ರೂಢಿಯಂತೆ ಒಂದು ಚೀಲ ಎತ್ತಿಕೊಂಡು ಓಡಿದಳು. ಕಾರಿನಲ್ಲಿ ಕೂತ ಮೇಲೇ ಚೀಲ ಯಾಕೆ ತಂದೆ ಎಂದು ತಿಳಿದದ್ದು: ಅದಿಲ್ಲದೆ ಆ ಮನೆಯ ಗೇಟು ಅವಳಿಗೆ ಯಾವತ್ತೂ ತೆರೆದಿರಲಿಲ್ಲ.

ಗೇಟು ತೆರೆದೇ ಇತ್ತು. ಮನೆಬಾಗಿಲೂ. ಮುಂದಿನ ಕೋಣೆಯಲ್ಲಿ, ಗಡಿಯಾರದ ಮೇಜಿನ ಪಕ್ಕದ ಕುರ್ಚಿಯಲ್ಲಿ, ಕೋಲನ್ನು ಮೊಣಕಾಲ ನಡುವೆ ನೆಟ್ಟುಕೊಂಡು ಬಿಸ್ಕತ್ತಜ್ಜಿ ಕೂತಿದ್ದಳು.

"ಬಂದ್ಯಾ?" ಎಂದಳು. "ಫೋನಲ್ಲಿ ಟೀ ಸಿಗಲ್ಲ ಅಂತ ಇಲ್ಲಿಗೇ ಬಂದೆ. ತಟ್ಟಿ ತಟ್ಟಿ ಕೈ ಸೋತು ಹೋಯ್ತು. ಈ ಮಹಾನುಭಾವ ಈಗ ತೆಗೆದ."

ಗಡಿಯಾರದವನು ಮುಗುಳ್ನಕ್ಕ. ಅಂಗಿಯ ತೋಳು ನೀಟಾಗಿ ಮಡಚಿತ್ತು. "ಕೂತ್ಕೊಳ್ಳಿ ಅತ್ತಿಗೆ. ಅವಳಿಗೆ ತಲೆನೋವು, ಮಲಗಿದಾಳೆ."

"ಮಲಗಿಲ್ಲ, ಟೀ ಇಡ್ತಾ ಇದಾಳೆ," ಎಂದಳು ಅಜ್ಜಿ. "ನಾನೇ ಹೇಳಿದೀನಿ."

ಅಡುಗೆಮನೆಯ ಬಾಗಿಲಲ್ಲಿ ತಂಗಿ ಬಂದು ನಿಂತಳು. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಎಡಗಿವಿಯ ಮೇಲೆ. ಬೆರಳ ಸಂದಿಯಿಂದ ರಕ್ತ ಕತ್ತಿನವರೆಗೆ ಗೆರೆ ಎಳೆದಿತ್ತು. ಲೋಟ ಕುಲುಕುತ್ತಿರಲಿಲ್ಲ; ಅದನ್ನು ಕಂಡೇ ಅಕ್ಕನಿಗೆ ಹೆಚ್ಚು ಹೆದರಿಕೆಯಾದದ್ದು.

"ಚೀಲ ಭಾರ ಇದೆ ಕಣೆ," ಎಂದಳು ಡಬ್ಬಿಯಕ್ಕ. "ಗೇಟಿನ ತನಕ ತಂದ್ಕೊಡು ಬಾ."

ತಂಗಿಗೆ ಅದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳುವಷ್ಟರಲ್ಲಿ ಗಡಿಯಾರದವನು ಬಾಗಿ ಚೀಲದ ಹಿಡಿಕೆಗೆ ಕೈ ಹಾಕಿದ.

"ಅವಳ್ಯಾಕೆ? ನಾನಿಲ್ವಾ. ಬನ್ನಿ ಅತ್ತಿಗೆ, ಕಾರು ಹತ್ತಿಸ್ತೀನಿ. ಇನ್ನು ಎಲ್ಲ ಆನ್‌ಲೈನೇ ತಾನೆ, ನೀವು ಇಷ್ಟು ದೂರ ಸುಮ್ನೆ ಯಾಕೆ ಬರ್ತೀರಾ."

ಅವನು ಅವಳ ಮೊಣಕೈಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ನಡೆಸಿದ. ಹೊರಗಿನವರಿಗೆ ಮರ್ಯಾದೆಯಂತೆ ಕಾಣಬೇಕು, ಅಂಥ ಹಿಡಿತ. ಅವಳ ಕಾಲುಗಳು ಹೇಳಿದ ಮಾತು ಕೇಳುವ ಕಾಲುಗಳಂತೆ ನಡೆದವು. ಹತ್ತು ಹೆಜ್ಜೆ, ಗೇಟು, ಕಾರು. ಅವನು ಚೀಲವನ್ನು ಸೀಟಿನ ಮೇಲಿಟ್ಟು, ಉರುಳದಂತೆ ಒರಗಿಸಿದ.

ಹಿಂದೆ ಚಿಲಕ ಬಿದ್ದ ಸದ್ದಾಯಿತು.

ಅವನು ತಿರುಗಿದ. ಬಾಗಿಲು ಮುಚ್ಚಿತ್ತು. ಮೇಲಿನ ಚಿಲಕವೂ ಬಿತ್ತು, ಅದಕ್ಕೆ ಅಜ್ಜಿ ಕೋಲು ಬಳಸಿರಬೇಕು.

ಮೊದಲು ಒಂದು ಬೆರಳ ಗೆಣ್ಣಿನಿಂದ ತಟ್ಟಿದ. "ಅಜ್ಜಿ, ಬಾಗಿಲು."

"ಟೀ ಕುಡಿದು ತೆಗೀತೀನಪ್ಪ. ಬಿಸಿ ಇದೆ."

ಅಂಗೈಯಿಂದ ತಟ್ಟಿದ. ಆಮೇಲೆ ಮುಷ್ಟಿಯಿಂದ. ಆಮೇಲೆ ಕಾಲಿನಿಂದ ಒದ್ದ. ಡಬ್ಬಿಯಕ್ಕ ಅವನ ಹಿಂದೆಯೇ ಓಡಿಬಂದು ಬಾಗಿಲಿಗೂ ಅವನಿಗೂ ನಡುವೆ ನುಗ್ಗಿದಳು. ತಳ್ಳಿದ ರಭಸಕ್ಕೆ ಗೋಡೆಗೆ ಬಡಿದು ಕೂತಳು, ಕೂತಲ್ಲೇ ಅವನ ಕಾಲು ತಬ್ಬಿ ಹಿಡಿದಳು. ಕಾರಿನ ಚಾಲಕ ಇಳಿದು ಬಂದು ಅವನ ಎರಡೂ ರಟ್ಟೆ ಹಿಡಿದ. ಆಗ ಅವನ ಬಾಯಿಂದ ಹೊರಟಿತು, ಕಿಟಕಿ ಮುಚ್ಚಿ ರೇಡಿಯೋ ಹಚ್ಚಿ ಒಳಗೆ ಆಡುತ್ತಿದ್ದುದೆಲ್ಲ. ಹೆಂಡತಿಯನ್ನು ಏನೆಂದು ಕರೆಯುತ್ತಿದ್ದ, ಎಲ್ಲಿ ಸುಡುತ್ತೇನೆ ಎನ್ನುತ್ತಿದ್ದ, ಎಲ್ಲ, ಹಾಡಹಗಲಲ್ಲಿ, ನಡುಬೀದಿಗೆ. ಎದುರು ಮನೆಯ ಕಿಟಕಿ ತೆರೆಯಿತು. ಔಷಧದಂಗಡಿಯವನ ಹೆಂಡತಿ ಕೈಯಲ್ಲಿನ್ನೂ ಫೋನ್ ಹಿಡಿದೇ ಇದ್ದಳು. ಒಂದೊಂದೇ ಬಾಗಿಲು ತೆರೆದು ಬೀದಿಯವರು ಹೊಸ್ತಿಲಿಗೆ ಬಂದು ನಿಂತರು. ಗೇಟಿನೊಳಗೆ ಯಾರೂ ಬರಲಿಲ್ಲ. ಆದರೆ ತಂತಮ್ಮ ಮನೆಯೊಳಗೂ ಹೋಗಲಿಲ್ಲ.

ಪೊಲೀಸರು ಬರುವವರೆಗೆ ನಲವತ್ತು ನಿಮಿಷ ಅಜ್ಜಿ ಒಂದೇ ಲೋಟ ಟೀ ಕುಡಿದಳು.

ತಂಗಿ ಆ ಮನೆಯಿಂದ ಬರಿಗೈಯಲ್ಲಿ ಹೊರಬಂದಳು. ಎಡಗಿವಿಯ ತಮಟೆ ಹರಿದಿದೆ, ಒಳಗಿನ ನರಕ್ಕೂ ಏಟಾಗಿದೆ, ಇನ್ನು ಅಲ್ಲಿ ಏನೂ ಕೇಳದು ಎಂದರು ಡಾಕ್ಟರು. ಒಂದನೇ ತಾರೀಕು ಕೆಲಸಕ್ಕೆ ಕರೆದಿದ್ದ ಆಸ್ಪತ್ರೆಗೆ ಹೋದಳು. ದೇಹ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ತೀವ್ರ ನಿಗಾ ವಿಭಾಗದ ಕೆಲಸ, ಎಲ್ಲ ಯಂತ್ರಗಳ ಸದ್ದಿನ ಮೇಲೇ ನಡೆಯುವಂಥದ್ದು, ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಕಾಗದ ಕೊಟ್ಟರು. ಗಡಿಯಾರದವನು ಒಂಬತ್ತನೇ ದಿನಕ್ಕೆ ಜಾಮೀನಿನ ಮೇಲೆ ಬಂದು ಮತ್ತೆ ಮೇಜಿಗೆ ಕೂತ. ಗಿರಾಕಿಗಳು ಬರುತ್ತಾರಂತೆ.

ಮೇಡಂ ಫೋನ್ ಮಾಡಿದ್ದರು. ಆ ದಿನದ ಪಾರ್ಟಿಯ ರೆಕಾರ್ಡಿಂಗನ್ನು ಆರುನೂರು ಜನ ನೋಡಿದ್ದಾರೆ, ಯಾವ ಮಾರಾಟಗಾರ್ತಿಯದೂ ಇಷ್ಟು ಓಡಿಲ್ಲ, ನಾಯಕಿ ನೀವೇ ಎಂದರು. ಅದನ್ನು ಅಳಿಸಿ ಹಾಕಿ ಎಂದಳು ಡಬ್ಬಿಯಕ್ಕ. ನಾಯಕಿಗಿರಿ ಬೇಡ ಎನ್ನಲು ಬಾಯಿ ಬರಲಿಲ್ಲ. ಮನೆಯಲ್ಲೀಗ ಮೂರು ಹೊಟ್ಟೆ.

ಹದಿನಾಲ್ಕು ದಿನ ಎಂಬ ಮಾತನ್ನು ತಂಗಿ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಅನಿಸುತ್ತದೆ. ಮಗಳು ಅಟ್ಟ ಹತ್ತುವುದನ್ನೇ ಬಿಟ್ಟಿದ್ದಾಳೆ.

ಸಂಜೆ ಹೊತ್ತು ತಂಗಿ ನೆಲದ ಮೇಲೆ ಕೂತು ಮಾರನೆಯ ದಿನ ಕಳಿಸುವ ಡಬ್ಬಿಗಳನ್ನು ಕಟ್ಟುತ್ತಾಳೆ. ಪ್ರತಿ ಡಬ್ಬಿಯನ್ನೂ ಬಲಗಿವಿಯ ಹತ್ತಿರ ಎತ್ತಿ ಹಿಡಿದು ಮುಚ್ಚಳ ಒತ್ತುತ್ತಾಳೆ. ಒಮ್ಮೊಮ್ಮೆ ಅನುಮಾನವಾಗುತ್ತದೆ.

"ಬಂತಾ ಅಕ್ಕ?"

ಅಕ್ಕ ಎದ್ದು ಅವಳ ಬಲಕ್ಕೆ ಬಂದು ಕೂತು, "ಇನ್ನೊಂದ್ಸಲ ಒತ್ತು," ಎನ್ನುತ್ತಾಳೆ. ಇಬ್ಬರೂ ಉಸಿರು ಹಿಡಿಯುತ್ತಾರೆ.